ಉಪ್ಪು ನೀರಿಗೆ ಉಪ್ಪು

ಜೂನ್ 1, ಭಾನುವಾರ

ಗುಜರಿ ಅಂಗಡಿಯವನ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ. "ಅಕ್ಕಾ, ಲಾಡ್ಜಿನವರು ಈ ಮಷೀನು ಕೊಡುವಾಗ ಗೇಟಿನ ತನಕ ಬಂದು ಕಣ್ಣೀರು ಹಾಕಿದ್ರು" ಎಂದ. ಲಾಡ್ಜು ಮುಚ್ಚಿದ್ದಕ್ಕೆ ಅತ್ತಿರಬೇಕು ಮಾರಾಯ, ಈ ಡಬ್ಬಕ್ಕಲ್ಲ, ಎಂದೆ. "ಅದೂ ಇರಬಹುದು" ಎಂದು ಹಲ್ಲು ಕಿರಿದ.

ಅಂತೂ ಉಪ್ಪು ನೀರನ್ನು ಸಿಹಿ ನೀರು ಮಾಡುವ ಮಷೀನು ಮನೆಗೆ ಬಂತು. ನನ್ನ ಎದೆಯ ಮಟ್ಟಕ್ಕೆ ಬರುವ ಒಂದು ಸಿಲಿಂಡರು, ಅದರ ನೆತ್ತಿಯ ಮೇಲೊಂದು ತಿರುಗಿಸುವ ಗುಂಡಿ, ಪಕ್ಕದಲ್ಲಿ ಉಪ್ಪು ಹಾಕಲು ಮುಚ್ಚಳವಿರುವ ದುಂಡನೆಯ ಡ್ರಮ್ಮು. ನೋಡಿದ ಕೂಡಲೇ ಡ್ರೈವರು ಅದಕ್ಕೆ ಡುಮ್ಮ ಎಂದು ಹೆಸರಿಟ್ಟರು.

ಡ್ರೈವರು ಎಂದರೆ ನನ್ನ ಗಂಡ. ಗಂಡ ಎಂದು ಬರೆಯಲು ಇನ್ನೂ ಕೈ ಓಡುವುದಿಲ್ಲ. ವರ್ಷಗಟ್ಟಲೆ ಅವರ ಬಸ್ಸಿನಲ್ಲೇ ಕೆಲಸಕ್ಕೆ ಹೋಗಿಬಂದು "ಡ್ರೈವರ್ರೇ, ಸ್ವಲ್ಪ ನಿಲ್ಲಿಸಿ" ಎಂದು ಕೂಗಿದ ಬಾಯಿ ಇದು. ಮದುವೆಯಾಗಿ ಎರಡು ತಿಂಗಳಾದರೂ ಅಭ್ಯಾಸ ಬಿಟ್ಟಿಲ್ಲ. ಅವರದೂ ಎರಡನೇ ಮದುವೆ, ನನ್ನದೂ. "ಮನೇಲಿ ಎಲ್ಲಾ ಸೆಕೆಂಡ್ ಹ್ಯಾಂಡೇ ಆಯ್ತಲ್ರೀ" ಎಂದೆ. "ಕಂಡೀಷನ್ ನೋಡಿಯೇ ತಗೊಂಡಿದೀವಿ ಬಿಡಿ" ಎಂದರು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ನಗು ಹಾಗಿರಲಿ, ಈಗ ಎಲ್ಲಾ ಈ ಡುಮ್ಮನ ಕೈಯಲ್ಲಿದೆ. ನಾನು ಕೂದಲು ಕತ್ತರಿಸುತ್ತಿದ್ದ ಪಾರ್ಲರ್ ಮುಚ್ಚಿಹೋಯಿತು. ಅದನ್ನು ನಡೆಸುತ್ತಿದ್ದ ಪಾರ್ಲರ್ ಅಕ್ಕ ದೂರದ ಊರಿನಲ್ಲಿ ದೊಡ್ಡದಾಗಿ ತೆರೆದು, ನನಗೆಂದು ಒಂದು ಕುರ್ಚಿ ಹಿಡಿದಿಟ್ಟಿದ್ದಾಳೆ. ತಿಂಗಳ ಕೊನೆಯೊಳಗೆ ಉತ್ತರ ಹೇಳಬೇಕು. ಹೋದರೆ ಅಲ್ಲೇ ಇರಬೇಕು, ರಜೆಗೊಮ್ಮೆ ಇಲ್ಲಿಗೆ ನೆಂಟಳ ಹಾಗೆ ಬಂದುಹೋಗಬೇಕು. ಹೋಗದಿದ್ದರೆ ಡ್ರೈವರ ಮನೆಯ ಮುಂದಿನ ಕೋಣೆಯಲ್ಲಿ ಒಂದು ಕುರ್ಚಿ, ಒಂದು ಬೇಸಿನ್ನು ಹಾಕಿ ನನ್ನದೇ ಪಾರ್ಲರ್. ಆದರೆ ಅವರ ಮನೆಯ ಬೋರ್‌ವೆಲ್ ನೀರು! ಶಾಂಪೂ ಎಷ್ಟು ಸುರಿದರೂ ನೊರೆ ಸಾಲದು, ತೊಳೆದ ಕೂದಲು ಒಣಗಿದರೆ ಪೊರಕೆ. ಈ ಉಪ್ಪು ನೀರಿನಲ್ಲಿ ಯಾರ ತಲೆ ತೊಳೆದರೂ ಅವರು ನನ್ನ ತಲೆ ತೆಗೆಯುತ್ತಾರೆ.

ಅವರಮ್ಮ ಬಾಗಿಲಲ್ಲಿ ನಿಂತು ಡುಮ್ಮನನ್ನು ಮೇಲಿಂದ ಕೆಳಗೆ ನೋಡಿದರು. ಮೊದಲ ದಿನ ನನ್ನನ್ನೂ ಹಾಗೆಯೇ ನೋಡಿದ್ದರು.

ಜೂನ್ 3, ಮಂಗಳವಾರ

ಪ್ಲಂಬರ್ ಬಂದಿದ್ದ. ಏನು ಹೇಳಿದರೂ "ಆಯ್ತಾಯ್ತು" ಎನ್ನುವುದರಿಂದ ಬೀದಿಗೆಲ್ಲ ಅವನ ಹೆಸರೇ ಆಯ್ತಾಯ್ತು. ಬಚ್ಚಲ ಹಿಂದಿನ ಮೂಲೆಯಲ್ಲಿ ಡುಮ್ಮನನ್ನು ನಿಲ್ಲಿಸಿ ಪೈಪು ಸೇರಿಸಿದ. ಸೋರುತ್ತಿದೆ ಎಂದೆ. "ಆಯ್ತಾಯ್ತು." ನನ್ನ ಕಾಲ ಮೇಲೇ ಸೋರುತ್ತಿದೆ ಎಂದೆ. "ಆಯ್ತಾಯ್ತು." ಕೊನೆಗೆ ಸೋರುವುದು ನಿಂತಿತು, ಅವನೂ ಹೋದ.

ಓಡಿಹೋಗಿ ಬಾಟಲಿಯಲ್ಲಿ ನೀರು ಹಿಡಿದು, ಒಂದು ಚೂರು ಬಟ್ಟೆ ಸೋಪು ಹಾಕಿ ಕುಲುಕಿದೆ. ಸಿಹಿ ನೀರಾದರೆ ಬಾಟಲಿಯ ಕತ್ತಿನ ತನಕ ನೊರೆ ಏರಬೇಕು. ನೊರೆ ಎಲ್ಲಿಂದ ಬರಬೇಕು? ಒಡೆದ ಹಾಲಿನಂತೆ ಬಿಳಿ ಚೂರುಗಳು ತೇಲಿದವು. ಮತ್ತೆ ಕುಲುಕಿದೆ. ಕೈ ನೋವು ಬಂದದ್ದೇ ಲಾಭ.

ಜೂನ್ 5, ಗುರುವಾರ

ಇವತ್ತು ನಾನು ಕುಣಿದೆ. ನಿಜವಾಗಿ, ಬಚ್ಚಲ ಹಿಂದೆ, ಒದ್ದೆ ನೆಲದ ಮೇಲೆ.

ಡ್ರೈವರು ಡ್ಯೂಟಿ ಮುಗಿಸಿ ಬಂದವರೇ ಖಾಕಿಯಲ್ಲೇ ಡುಮ್ಮನ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. ಒಳಗೆ ಹೋಗುವ ಪೈಪು, ಹೊರಗೆ ಬರುವ ಪೈಪು, ಎರಡರ ಮೇಲೂ ಬೆರಳಾಡಿಸಿ ದಾರಿ ಹಿಡಿದು ಹೋದರು. ಆಮೇಲೆ ತೊಡೆ ತಟ್ಟಿಕೊಂಡು ನಕ್ಕರು.

"ಈ ಹಿಡಿ ಯಾವ ಕಡೆ ತಿರುಗಿದೆ ನೋಡಿ. ನೀರು ಬೈಪಾಸಲ್ಲಿ ಹೋಗ್ತಾ ಇದೆ! ಊರೊಳಗೆ ಬರ್ತಾನೇ ಇಲ್ಲ!"

ಸಿಲಿಂಡರಿನ ಒಳಗೆ ಹೋಗದೆ ನೀರು ಪಕ್ಕದಿಂದಲೇ ನುಣುಚಿಕೊಂಡು ನಲ್ಲಿಗೆ ಬರುತ್ತಿತ್ತು. ಹಿಡಿಯನ್ನು ಈ ಕಡೆಗೆ ತಿರುಗಿಸಿದರು. ನೆತ್ತಿಯ ಗುಂಡಿಯನ್ನು 'ತೊಳೆ' ಎಂಬ ಗುರುತಿಗೆ ತಂದರು. ಡುಮ್ಮ ಒಮ್ಮೆ ಗುರ್ರೆಂದ, ಲಾಡ್ಜಿನವರು ಡ್ರಮ್ಮಿನ ತಳದಲ್ಲಿ ಬಿಟ್ಟುಹೋಗಿದ್ದ ಹಳೇ ಉಪ್ಪಿನ ನೀರನ್ನು ಸೊರ್ರೆಂದು ಹೀರಿದ, ಹೊಟ್ಟೆ ತೊಳೆದುಕೊಂಡು ಕೊಳೆಯನ್ನೆಲ್ಲ ಮೋರಿಗೆ ಕಕ್ಕಿದ. ಆಮೇಲೆ ಬಾಟಲಿ ಕುಲುಕಿದರೆ, ಅಬ್ಬಬ್ಬಾ, ನೊರೆ ಮುಚ್ಚಳವನ್ನೇ ಎತ್ತಿತು. ನಾನು ಡ್ರೈವರ ಕುತ್ತಿಗೆಗೆ ಜೋತುಬಿದ್ದೆ. ಅದೇ ಹೊತ್ತಿಗೆ ಬಟ್ಟೆ ಒಣಹಾಕಲು ಬಂದ ಅವರಮ್ಮ ಬಂದ ದಾರಿಯಲ್ಲೇ ತಿರುಗಿಹೋದರು. ನನ್ನ ಮುಖ ಬೆಂಕಿಯಾಯಿತು.

ಡ್ರೈವರು ಸ್ನಾನಕ್ಕೆ ಹೋದವರು ಬರಲೇ ಇಲ್ಲ. ಬಾಗಿಲು ಬಡಿದೆ. "ಸೋಪೇ ಹೋಗ್ತಿಲ್ಲ ಕಣ್ರೀ! ತೊಳೆದಷ್ಟೂ ಜಾರ್ತಾ ಇದೆ!" ಎಂದು ಒಳಗಿನಿಂದ ಕೂಗಿದರು. ಅದು ಸೋಪಲ್ಲ, ಸಿಹಿ ನೀರು ಮೈಗೆ ಹಾಗೇ ಅನಿಸುವುದು ಎಂದೆ. ಉಪ್ಪು ನೀರಿನಲ್ಲೇ ಬೆಳೆದ ಮನುಷ್ಯ, ಪಾಪ, ನಂಬಲಿಲ್ಲ.

ಜೂನ್ 8, ಭಾನುವಾರ

ಮುಂದಿನ ಕೋಣೆಗೆ ಬಣ್ಣ ಬಳಿದೆವು. ನಾನು ತಿಳಿ ಹಳದಿ ಎಂದೆ, ಅವರು ಬಸ್ಸಿನ ಬಣ್ಣ ಎಂದರು, ನಾನು ಗೆದ್ದೆ. ಗೆದ್ದ ಮೇಲೆ ಗೋಡೆಗಿಂತ ಹೆಚ್ಚು ಬಣ್ಣ ಅವರ ಮೂಗಿನ ಮೇಲಿತ್ತು.

ಡ್ರಮ್ಮಿನಲ್ಲಿ ಹಳೇ ಉಪ್ಪು ಮುಗಿದಿತ್ತು. ಒಂದು ಚೀಲ ಕಲ್ಲುಪ್ಪು ತಂದು ಸುರಿಯುತ್ತಿದ್ದೆ. ಅತ್ತೆ ಹಿಂದೆ ಬಂದು ನಿಂತರು. "ಇದು ಯಾಕೆ?" ಎಂದರು. ಕೈತುಂಬ ಕೆಲಸವಿತ್ತು. "ಉಪ್ಪು ನೀರಿಗೆ ಅತ್ತೆ" ಎಂದೆ. ಅವರು ನನ್ನನ್ನೊಮ್ಮೆ, ಚೀಲವನ್ನೊಮ್ಮೆ ನೋಡಿ ಒಳಗೆ ಹೋದರು. ಈ ಮನೆಯಲ್ಲಿ ಅತ್ತೆಯ ಮಾತು ಬಸ್ಸಿನ ಕೊನೇ ಟ್ರಿಪ್ಪಿನ ಹಾಗೆ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಜೂನ್ 12, ಗುರುವಾರ

ಹೇಗೆ ಬರೆಯಲಿ! ಎದುರುಮನೆಯ ನರ್ಸು ನನ್ನ ಮೊದಲ ಗಿರಾಕಿ. ಸೊಂಟದ ತನಕ ಬರುವ, ಹುಡುಕಿದರೂ ಸಿಗದಂಥ ಕೂದಲು. ಜಂಭದಿಂದ ಬೇಸಿನ್ನಿಗೆ ತಲೆ ಒರಗಿಸಿದೆ, ನಲ್ಲಿ ತಿರುಗಿಸಿದೆ, ಶಾಂಪೂ ಹಾಕಿದೆ. ಬೆರಳಿಗೆ ಗೊತ್ತಾಯಿತು. ನೊರೆ ಸೊರಗಿತ್ತು. ತೊಳೆದಂತೆಲ್ಲ ಕೂದಲು ಬೆರಳಿಗೆ ಸಿಕ್ಕಿಕೊಳ್ಳತೊಡಗಿತು. ಬಾಚಣಿಗೆಯೇ ಮುರಿದುಹೋಯಿತು. ಉಪ್ಪು ನೀರು, ಅದೇ ಹಳೇ ದರಿದ್ರ ಉಪ್ಪು ನೀರು!

ನನ್ನ ಕಣ್ಣಲ್ಲಿ ನೀರು. ನರ್ಸು ಕನ್ನಡಿಯಲ್ಲಿ ನೋಡಿಕೊಂಡು, "ತಲೆ ತೊಳೀರಿ ಅಂದ್ರೆ ಹಕ್ಕಿಗೂಡು ಕಟ್ಟಿಕೊಟ್ರಲ್ಲ! ಮೊಟ್ಟೆ ಯಾವಾಗ ಇಡುತ್ತೆ?" ಎಂದು ಬಿದ್ದು ಬಿದ್ದು ನಕ್ಕಳು. ನಾನೂ ಅಳುತ್ತಲೇ ನಕ್ಕೆ. ಕುಡಿಯುವ ನೀರಿನ ಕ್ಯಾನು ಬಗ್ಗಿಸಿ ಬಗ್ಗಿಸಿ ಅವಳ ತಲೆ ಸರಿಮಾಡಿದೆ. "ಮಷೀನು ಸರಿಯಾದ ದಿನ ಬರ್ತೀನಿ. ನೀವೇನೂ ಊರು ಬಿಟ್ಟು ಓಡಬೇಡಿ" ಎಂದು ಹೋದಳು. ಒಳ್ಳೆಯ ಹೆಂಗಸು.

ಜೂನ್ 14, ಶನಿವಾರ

ಡುಮ್ಮ ಕೈಕೊಟ್ಟಿದ್ದಾನೆ. ಬೈಪಾಸ್ ಅಲ್ಲ, ನೋಡಿಯಾಯಿತು. ಎರಡು ಸಲ ತೊಳೆಯಲು ಬಿಟ್ಟೆ. ಗುರ್ರೆನ್ನುತ್ತಾನೆ, ಹೀರುತ್ತಾನೆ, ಕಕ್ಕುತ್ತಾನೆ, ಎಲ್ಲ ನಾಟಕವನ್ನೂ ಆಡುತ್ತಾನೆ. ನೀರು ಮಾತ್ರ ಉಪ್ಪೇ.

ಜೂನ್ 17, ಮಂಗಳವಾರ

ಆಯ್ತಾಯ್ತುವನ್ನು ಮತ್ತೆ ಕರೆಸಿದೆ. ಡುಮ್ಮನ ನೆತ್ತಿ ಬಿಚ್ಚಿ, ಉಪ್ಪು ನೀರು ಹೀರುವ ಸಣ್ಣ ಕೊಳವೆಯ ಜಾಲರಿಯನ್ನು ಹೊರತೆಗೆದು ಊದಿದ. ಅದರಲ್ಲಿದ್ದ ಕೆಸರು ನನ್ನ ಮುಖಕ್ಕೆ ಬಂತು. "ಆಯ್ತಾಯ್ತು" ಎಂದು ತನ್ನ ಟವೆಲು ಕೊಟ್ಟ. ಆಮೇಲೆ ಡ್ರಮ್ಮಿನ ಮುಚ್ಚಳ ತೆಗೆದು ಇಣುಕಿ, ಮೊದಲ ಸಲ ಬೇರೆ ಮಾತಾಡಿದ.

"ಉಪ್ಪು ಇಳಿದಿದೆ ನೋಡಿ. ಅಂದ್ರೆ ಮಷೀನು ಎಳ್ಕೊಳ್ತಾ ಇದೆ. ಇಷ್ಟು ತಿಂದೂ ಕೆಲಸ ಮಾಡ್ತಿಲ್ಲ ಅಂದ್ರೆ ಒಳಗಿನ ಕಾಳು ಸತ್ತಿವೆ. ಇದು ಇನ್ನು ಗುಜರಿಗೇ ಸೈ."

ಕಾಳು ಎಂದರೆ ಸಿಲಿಂಡರಿನೊಳಗೆ ತುಂಬಿರುವ ರವೆಯಂಥ ಹಳದಿ ಹರಳುಗಳು. ಅದರ ಲೆಕ್ಕಾಚಾರ ನನಗೆ ತಲೆಗೆ ಹತ್ತಿರಲಿಲ್ಲ. ಡ್ರೈವರು ಊಟಕ್ಕೆ ಕುಳಿತಾಗ ಬಿಡಿಸಿ ಹೇಳಿದರು. "ಕಾಳು ಅಂದ್ರೆ ಸೀಟು. ನೀರಲ್ಲಿರೋ ಗಡಸು ಅಂದ್ರೆ ಪ್ಯಾಸೆಂಜರು. ಬಂದು ಬಂದು ಸೀಟಲ್ಲಿ ಕೂತ್ಕೋತಾರೆ, ನೀರು ಹಗುರಾಗಿ ಮುಂದೆ ಹೋಗುತ್ತೆ. ಬಸ್ಸು ತುಂಬಿದ ಮೇಲೆ ಎಲ್ಲರನ್ನೂ ಇಳಿಸೋಕೆ ಕಂಡಕ್ಟರು ಬೇಕಲ್ಲ? ಅವನೇ ಉಪ್ಪು." ಹಾಗಾದರೆ ಕಂಡಕ್ಟರು ಇದ್ದೂ ಜನ ಯಾಕೆ ಇಳಿಯುತ್ತಿಲ್ಲ ಎಂದೆ. ಅವರು ಅನ್ನದ ಕೈಯಲ್ಲೇ ಎದ್ದುಹೋಗಿ ಡುಮ್ಮನ ಹಿಡಿಯನ್ನು ಮತ್ತೊಮ್ಮೆ ನೋಡಿಬಂದರು.

ಅತ್ತೆ ತಮ್ಮ ಕೋಣೆಯಲ್ಲಿ ಊಟ ಮಾಡಿದರು. ಸೊಂಟ ನೋವಂತೆ. ಎಣ್ಣೆ ಹಚ್ಚಿ ತಿಕ್ಕಿಕೊಡಲಾ ಎಂದು ಕೇಳಿದೆ. ಬೇಡ ಎಂದರು, ಆಮೇಲೆ ಹೂಂ ಎಂದರು. ತಿಕ್ಕುವಾಗ "ನಿನ್ನ ಕೈ ಹಗುರ" ಎಂದರು. ಇದು ನನಗೆ ಈ ಮನೆಯಲ್ಲಿ ಸಿಕ್ಕ ಮೊದಲ ಬಹುಮಾನ.

ಜೂನ್ 20, ಶುಕ್ರವಾರ

ಮತ್ತೊಂದು ಚೀಲ ಸುರಿದಿದ್ದೆ. ಅದೂ ಅರ್ಧಕ್ಕಿಳಿದಿದೆ. ಇಂಥ ಹೊಟ್ಟೆಬಾಕನನ್ನು ನಾನು ಕಂಡಿಲ್ಲ!

ಪಾರ್ಲರ್ ಅಕ್ಕ ಫೋನು ಮಾಡಿದ್ದಳು. "ಕುರ್ಚಿಗೆ ಬೇರೆಯವರು ಕೇಳ್ತಿದಾರೆ ಕಣೆ. ಭಾನುವಾರ ಇಪ್ಪತ್ತೊಂಬತ್ತಕ್ಕೆ ಮಾಡ್ತೀನಿ, ಹೂಂ ಅಥವಾ ಊಹೂಂ, ಒಂದು ಹೇಳಿಬಿಡು." ಅತ್ತೆ ಅಲ್ಲೇ ಬಟ್ಟೆ ಮಡಚುತ್ತಿದ್ದರು. ಫೋನಿಟ್ಟ ಮೇಲೆ, "ಹೋಗೋದಾದ್ರೆ ಯಾವಾಗ ಹೋಗ್ತೀಯ?" ಎಂದರು. ತಿಂಗಳ ಕೊನೆಗೆ ಎಂದೆ. "ಅಷ್ಟೇ ದಿನಾನಾ?" ಎಂದು ಎದ್ದು ಹೋದರು.

ಚುಚ್ಚಿದಂತಾಯಿತು. ದಿನ ಎಣಿಸುತ್ತಿದ್ದಾರೆ. ಮೊನ್ನೆಯಷ್ಟೇ ಕೈ ಹಗುರ ಎಂದವರು.

ಜೂನ್ 24, ಮಂಗಳವಾರ

ಆಗದು. ನಾನು ಸೋತೆ. ಡ್ರೈವರಿಗೆ ಹೇಳಿದೆ, ಅಕ್ಕನ ಹತ್ತಿರ ಹೋಗುತ್ತೇನೆ ಎಂದು. ಕತ್ತರಿ ಹಿಡಿಯದೆ ಕೂತರೆ ನನಗೆ ಹುಚ್ಚು ಹಿಡಿಯುತ್ತದೆ, ಅವರಿಗೂ ಹಿಡಿಸುತ್ತೇನೆ. ಅವರು ಟೀ ಲೋಟವನ್ನು ತಿರುಗಿಸಿ ತಿರುಗಿಸಿ ಕೆಳಗಿಟ್ಟರು.

"ಹೋಗಿ. ನಿಮ್ಮ ಕೈ ಸುಮ್ನೆ ಕೂರೋ ಕೈ ಅಲ್ಲ. ನಾನು ಆ ಊರಿನ ರೂಟು ಕೇಳಿ ಹಾಕಿಸ್ಕೊಳ್ತೀನಿ."

"ಆ ಊರಿಗೆ ನಿಮ್ಮ ಡಿಪೋದಿಂದ ಬಸ್ಸೇ ಇಲ್ವಲ್ಲ."

"ಹಾಗಾದ್ರೆ ಬಸ್ಸೇ ಹಾಕಿಸ್ತೀನಿ" ಎಂದರು. ನಗಿಸಲು ಹೇಳಿದ್ದು. ಇಬ್ಬರಿಗೂ ನಗು ಬರಲಿಲ್ಲ. ಬಿಟ್ಟುಹೋಗಲು ನನಗೆ ಒಂದಿಷ್ಟೂ ಮನಸ್ಸಿಲ್ಲ. ಇದನ್ನು ಇಲ್ಲಿ ಬರೆಯಬಲ್ಲೆ, ಅವರೆದುರು ಹೇಳಲಾರೆ. ಹೇಳಿದರೆ ಅವರೇ ಅತ್ತುಬಿಟ್ಟಾರು.

ಜೂನ್ 25, ಬುಧವಾರ

ಸೂಟ್‌ಕೇಸಿಗೆಂದು ಮೆಟ್ಟಿಲ ಕೆಳಗಿನ ಗೂಡಿಗೆ ಕೈಹಾಕಿದೆ. ಹಳೇ ಪಾತ್ರೆಗಳ ತುಂಬ ಕಲ್ಲುಪ್ಪು. ನನ್ನ ಉಪ್ಪು. ಆ ಗೂಡಿಗೆ ಅತ್ತೆಯನ್ನು ಬಿಟ್ಟು ಯಾರೂ ಕೈಹಾಕುವುದಿಲ್ಲ. ಬರೆಯಲಾರೆ.

ಜೂನ್ 26, ಗುರುವಾರ

ಬೆಳಗ್ಗೆ ಎದ್ದವಳೇ ಪಾತ್ರೆಗಳನ್ನೆಲ್ಲ ಎಳೆದು ತಂದು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಡ್ಯೂಟಿಗೆ ಹೊರಟವರು ಒಂದೇ ತೋಳು ಹಾಕಿದ ಶರ್ಟಿನಲ್ಲಿ ನಿಂತುಬಿಟ್ಟರು. ಅತ್ತೆ ಟೀ ಲೋಟ ಹಿಡಿದು ಬಂದು ಏನೂ ಆಗದವರ ಹಾಗೆ ತಮ್ಮ ಕುರ್ಚಿಯಲ್ಲಿ ಕುಳಿತರು.

"ಇದೇನು ಅತ್ತೆ?"

"ಉಪ್ಪು."

"ಯಾರದು?"

"ನಿನ್ನದೇ. ಒಂದು ಹರಳೂ ಆಚೆ ಹಾಕಿಲ್ಲ. ಎಲ್ಲಾ ಎತ್ತಿಟ್ಟಿದ್ದೀನಿ."

"ನಾನು ಈ ಮನೇಲಿ ಇರೋದು ಇಷ್ಟ ಇಲ್ದಿದ್ರೆ ಬಾಯಿಬಿಟ್ಟು ಹೇಳಬಹುದಿತ್ತು. ಕದ್ದುಮುಚ್ಚಿ ಮಷೀನು ಯಾಕೆ ಕೆಡಿಸಬೇಕಿತ್ತು?"

ಅತ್ತೆಯ ಕೈಲಿದ್ದ ಲೋಟ ಮೇಜಿಗೆ ಟಕ್ಕೆಂದು ಕುಳಿತಿತು.

"ಕೆಡಿಸೋದಾ? ನಾನಾ? ಅಲ್ಲ ಕಣೇ, ಮನೇದು ಉಪ್ಪು ನೀರು. ಅದರಲ್ಲಿರೋ ಉಪ್ಪು ತೆಗೀಲಿ ಅಂತ ತಾನೇ ಮಷೀನು ತಂದಿದ್ದು? ನೀನು ಚೀಲಗಟ್ಟಲೆ ಉಪ್ಪು ತಂದು ಅದರ ಹೊಟ್ಟೆಗೇ ಸುರಿದ್ರೆ ಅದು ಪಾಪ ಎಷ್ಟು ಅಂತ ತೆಗೆಯುತ್ತೆ? ದಿನಾ ಬೆಳಗ್ಗೆ ನೀವು ಏಳೋದ್ರೊಳಗೆ ಚೊಂಬಲ್ಲಿ ತೋಡಿ ತೋಡಿ ನನ್ನ ಸೊಂಟ ಬಿದ್ದುಹೋಯ್ತು. ಕರಗಿದ್ದನ್ನೂ ಮೋರಿಗೆ ಚೆಲ್ಲಿ ಬರೀ ನೀರು ತುಂಬಿಸ್ತಿದ್ದೆ. ಆದ್ರೂ ತಳದಲ್ಲಿ ಒಂಚೂರು ಉಳಿದೇಬಿಡ್ತಿತ್ತು. ಅದಕ್ಕೇ ಸರಿಹೋಗ್ತಿಲ್ಲ ಅಂದ್ಕೊಂಡೆ."

ನಾನು ಪಾತ್ರೆಗಳ ಸಾಲನ್ನು ಇನ್ನೊಮ್ಮೆ ನೋಡಿದೆ.

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಏನಂತ ಹೇಳಲಿ? ಮನೆಗೆ ಬಂದು ಮೂರು ತಿಂಗಳಾಗಿಲ್ಲ. ಗಂಡನೆದುರು, ಆ ಆಯ್ತಾಯ್ತುವಿನ ಎದುರು, 'ಇಷ್ಟೂ ತಿಳಿಯಲ್ವಾ ನಿನಗೆ, ಉಪ್ಪು ನೀರಿಗೆ ಯಾರಾದ್ರೂ ಉಪ್ಪು ಹಾಕ್ತಾರಾ' ಅಂತ ಅನ್ನಲಾ? ನಿನಗೆ ಅವಮಾನ ಆಗಲ್ವಾ? ಸದ್ದಿಲ್ಲದೆ ಸರಿಮಾಡಿಬಿಟ್ರೆ ಮಷೀನೂ ನಡೆಯುತ್ತೆ, ನೀನೂ ಇಲ್ಲೇ ಉಳ್ಕೊಳ್ತೀಯ ಅಂತ..." ಎಂದವರು ಮೇಜಿನ ಮೇಲೆ ಚೆಲ್ಲಿದ್ದ ಹರಳುಗಳನ್ನು ಆಯ್ದು ಪಾತ್ರೆಗೆ ಹಾಕತೊಡಗಿದರು.

"ಯಾವಾಗ ಹೋಗ್ತೀಯ ಅಂತ ಕೇಳಿದ್ರಲ್ಲ ಅತ್ತೆ?"

"ಎಷ್ಟು ದಿನ ಉಳಿದಿದೆ ಅಂತ ನನಗೆ ಗೊತ್ತಾಗಬೇಡ್ವಾ? ಅಷ್ಟರೊಳಗೆ ಉಪ್ಪೆಲ್ಲಾ ಖಾಲಿ ಮಾಡಬೇಕಲ್ಲ!"

ನಮ್ಮನೆಯವರು ಗೋಡೆಗೊರಗಿ ಹಾಗೆಯೇ ನೆಲಕ್ಕೆ ಜಾರಿ ಕುಳಿತು, ಉಸಿರು ಸಿಕ್ಕಿಕೊಳ್ಳುವಷ್ಟು ನಕ್ಕರು. ನನಗೆ ನಗು ಮೊದಲು ಬಂತೋ ಅಳು ಮೊದಲು ಬಂತೋ ಗೊತ್ತಿಲ್ಲ. ಅತ್ತೆಯ ಕಾಲ ಬಳಿ ಕುಳಿತು ಅವರ ಮಡಿಲಿಗೆ ಮುಖ ಹಾಕಿಬಿಟ್ಟೆ. "ಏನಾಯ್ತೇ, ಏನಾಯ್ತೇ" ಎನ್ನುತ್ತಾ ಅವರು ನನ್ನ ಬೆನ್ನು ತಟ್ಟಿದರು. ಏನಾಯಿತೆಂದು ಅವರಿಗೆ ಇನ್ನೂ ಹೊಳೆದಿರಲಿಲ್ಲ.

ಮಗನೇ ತಿಳಿಸಿ ಹೇಳಬೇಕಾಯಿತು. ನಮ್ಮ ಬೋರ್‌ವೆಲ್ಲಿನ ನೀರಿನ ಗಡಸಿಗೆ ಕಾರಣ ಉಪ್ಪಲ್ಲ, ಸುಣ್ಣ. ಜನ ಬಾಯಿಮಾತಿಗೆ ಉಪ್ಪು ನೀರು ಎನ್ನುತ್ತಾರೆ ಅಷ್ಟೇ. ಕಾಳಿಗೆ ಅಂಟಿದ ಆ ಸುಣ್ಣವನ್ನು ಇಳಿಸಲು ಉಪ್ಪು ಬೇಕೇ ಬೇಕು. ಮತ್ತೆ ಸೀಟು, ಪ್ಯಾಸೆಂಜರು, ಕೊನೇ ಸ್ಟಾಪು, ಎಲ್ಲಾ ಬಂತು. ಅತ್ತೆ ಕಣ್ಣು ಕಿರಿದು ಮಾಡಿ ಕೇಳಿದರು.

"ಹಾಗಾದ್ರೆ ಇಷ್ಟು ದಿನ ನಾನು ಕಂಡಕ್ಟರನ್ನೇ ಬಸ್ಸಿಂದ ಇಳಿಸ್ತಿದ್ನಾ?"

"ಹೂಂ ಅಮ್ಮ. ಕತ್ತು ಹಿಡಿದು."

"ಮತ್ತೆ ಸುಣ್ಣದ ನೀರು ಅಂತ ನೆಟ್ಟಗೆ ಅನ್ನೋಕೆ ನಿಮ್ಮ ಬಾಯಿಗೆ ಏನಾಗಿತ್ತು? ಸುಣ್ಣಕ್ಕೆ ಉಪ್ಪು ಅಂದ್ರೆ ಮುದುಕಿ ಏನು ಮಾಡಬೇಕು?" ಎಂದು ನಮ್ಮಿಬ್ಬರಿಗೇ ಜೋರು ಮಾಡಿದರು. ತಪ್ಪು ನಮ್ಮದೇ ಎಂದು ಒಪ್ಪಿಕೊಂಡೆವು.

ನಮ್ಮನೆಯವರಿಗೆ ಡ್ಯೂಟಿಗೆ ತಡವಾಯಿತು. ಶರ್ಟಿನ ಇನ್ನೊಂದು ತೋಳನ್ನು ಬೀದಿಯಲ್ಲಿ ಓಡುತ್ತಾ ಹಾಕಿಕೊಂಡರು.

ಜೂನ್ 27, ಶುಕ್ರವಾರ

ನಿನ್ನೆಯೇ ಉಪ್ಪನ್ನೆಲ್ಲ ಡ್ರಮ್ಮಿಗೆ ವಾಪಸು ಸುರಿದಿದ್ದೆವು. ಕೊನೆಯ ಪಾತ್ರೆಯನ್ನು ಅತ್ತೆಯೇ ಸುರಿದರು. "ಹೋಗಪ್ಪಾ ಕಂಡಕ್ಟರೇ, ಕ್ಷಮಿಸು" ಎಂದರು. ಕರಗಲು ಬಿಟ್ಟು, ಇವತ್ತು ಗುಂಡಿ ತಿರುಗಿಸಿದೆ. ಮೂವರೂ ಬಚ್ಚಲ ಹಿಂದೆ ಮಣೆ ಹಾಕಿಕೊಂಡು ಕುಳಿತು ಡುಮ್ಮನ ಹೊಟ್ಟೆಯ ಸದ್ದನ್ನು ಕೇಳಿದೆವು. ಮುಗಿದ ಮೇಲೆ ಬಾಟಲಿ ಕುಲುಕಲು ನನಗೆ ಧೈರ್ಯ ಸಾಲಲಿಲ್ಲ. "ಕೊಡಿ ಇಲ್ಲಿ" ಎಂದು ನಮ್ಮನೆ ಡ್ರೈವರು ಕಿತ್ತುಕೊಂಡು ಕುಲುಕಿದರು. ಮುಚ್ಚಳ ಹಾರಿ ನೊರೆ ಅವರ ಮೀಸೆಗೆ ಮೆತ್ತಿಕೊಂಡಿತು. ಅತ್ತೆ ಚಪ್ಪಾಳೆ ತಟ್ಟಿದರು. ಅವರು ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಆಯ್ತಾಯ್ತುವಿಗೆ ಸುದ್ದಿ ಮುಟ್ಟಿಸಿದೆ, ಕಾಳು ಸತ್ತಿಲ್ಲ ಕಣಪ್ಪಾ, ಉಪವಾಸ ಇದ್ದವು, ಎಂದು. ಅವನು ಏನೆಂದ ಎಂದು ಬರೆಯಬೇಕಾಗಿಲ್ಲ.

ಜೂನ್ 29, ಭಾನುವಾರ

ನರ್ಸು ಬೆಳಗ್ಗೆಯೇ ಟವೆಲು ಹೆಗಲಿಗೆ ಹಾಕಿಕೊಂಡು ಬಂದಿದ್ದಳು. ಅತ್ತೆ ಅವಳನ್ನು ಬೆಂಚಿನ ಮೇಲೆ ಕೂರಿಸಿ, "ನೀನು ಆಮೇಲೆ. ಮೊದಲು ನಾನು" ಎಂದು ನೇರ ಹೋಗಿ ಕುರ್ಚಿ ಹತ್ತಿದರು. ಅವರ ಗಂಟು ಬಿಚ್ಚಿ ತಲೆಯನ್ನು ಬೇಸಿನ್ನಿಗೆ ಒರಗಿಸಿದೆ. ಬಿಳಿ ಕೂದಲು, ತೆಳ್ಳಗೆ, ತುದಿಗಳೆಲ್ಲ ಒರಟು. ಜೀವಮಾನವೆಲ್ಲ ಆ ನೀರಿನಲ್ಲೇ ತೊಳೆದ ಕೂದಲು. ನೀರು ಬಿಟ್ಟೆ, ಚೂರೇ ಚೂರು ಶಾಂಪೂ ಹಾಕಿದೆ. ನೊರೆ ನನ್ನ ಮೊಣಕೈ ತನಕ ಬಂತು. ಅತ್ತೆ ಕಣ್ಣು ಮುಚ್ಚಿದರು. ನೆತ್ತಿ ತಿಕ್ಕುತ್ತಿದ್ದಂತೆ ಅವರ ಹಣೆಯ ಗೆರೆಗಳು ಒಂದೊಂದೇ ಸಡಿಲವಾದವು. ನನಗೆ ಎಷ್ಟು ಸಂತೋಷವಾಯಿತೆಂದರೆ, ಬೇಗ ತೊಳೆದು ಮುಗಿಸಲು ಮನಸ್ಸೇ ಬರಲಿಲ್ಲ.

ಆಗಲೇ ಫೋನು ಬಂತು. ಪಾರ್ಲರ್ ಅಕ್ಕ. ಅವಳಿಗೆ ಏನು ಹೇಳಬೇಕೆಂದು ನಿನ್ನೆಯಿಂದ ಮಾತು ಕಟ್ಟಿಟ್ಟಿದ್ದೆ. ನೋಯಬಾರದು, ಮುನಿಸಿಕೊಳ್ಳಬಾರದು, ಕೇಳಿಸಿಕೊಂಡು ನನಗೋಸ್ಕರ ಖುಷಿಪಡಬೇಕು, ಹಾಗೆ. ಎರಡೂ ಕೈ ನೊರೆಯಲ್ಲಿ ಮುಳುಗಿತ್ತು. ಫೋನು ಕುರ್ಚಿಯ ಪಕ್ಕದಲ್ಲೇ ಬಡಿದುಕೊಳ್ಳುತ್ತಿತ್ತು. ಅತ್ತೆ ಕಣ್ಣು ತೆರೆಯದೆ ಕೈಚಾಚಿ ಎತ್ತಿಕೊಂಡರು.

"ಯಾರು? ಓ, ಪಾರ್ಲರ್ ಅಕ್ಕನಾ? ನಾನಮ್ಮ, ಇವಳ ಅತ್ತೆ. ಇಲ್ಲ, ಮಾತಾಡೋಕಾಗಲ್ಲ. ಇವಳ ಕೈ ಖಾಲಿ ಇಲ್ಲ."

ಅಕ್ಕ ಏನೋ ಕೇಳಿದಳು.

"ನಾಳೇನೂ ಖಾಲಿ ಇರಲ್ಲ."

ಅಕ್ಕ ಮತ್ತೇನೋ ಕೇಳಿದಳು.

"ಉತ್ತರಾನಾ? ಅದೇ ಕಣಮ್ಮ ಉತ್ತರ. ಇವಳು ನಮಗೇ ಬೇಕು" ಎಂದು ಫೋನಿಟ್ಟು, ತಲೆಯನ್ನು ಮತ್ತೆ ನನ್ನ ಕೈಗೆ ಕೊಟ್ಟು ಒರಗಿದರು.